ನಾಯಿ ಕೆರೆದುಕೊಳ್ಳುತ್ತಿದೆಯಾ? ಮೊದಲು ಎಲ್ಲಿ ಅಂತ ನೋಡಿ

ನನ್ನದು ಸಾಗರದಲ್ಲಿ ಒಂದು ಸಣ್ಣ ಮೆಡಿಕಲ್ ಶಾಪ್. ಮಳೆಗಾಲ ಶುರುವಾದರೆ ಶೀತ, ಜ್ವರದ ಜೊತೆಗೆ ಇನ್ನೊಂದು ಗಿರಾಕಿ ಗ್ಯಾರಂಟಿ. "ಅಕ್ಕಾ, ನಾಯಿ ಒಂದೇ ಸಮ ಕೆರ್ಕೊಳ್ತಿದೆ. ಒಂದು ಟ್ಯೂಬ್ ಕೊಡಿ."

ಟ್ಯೂಬ್ ತೆಗೆಯುವ ಮೊದಲು ನಾನು ಕೇಳುವುದು ಒಂದೇ. ಎಲ್ಲಿ ಕೆರೆದುಕೊಳ್ಳುತ್ತದೆ? ತುಂಬಾ ಜನ "ಮೈ ಎಲ್ಲಾ" ಎನ್ನುತ್ತಾರೆ. ಹಾಗಾದರೆ ಸಂಜೆ ಕಾಲು ಗಂಟೆ ಸುಮ್ನೆ ಅದರ ಪಕ್ಕ ಕೂತು ನೋಡಿ, ನಾಳೆ ಬನ್ನಿ ಎಂದು ಕಳಿಸುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ. ತುರಿಕೆ ಒಂದು ಕಾಯಿಲೆಯ ಹೆಸರಲ್ಲ. ಹತ್ತಾರು ಕಾರಣಕ್ಕೆ ಬರುತ್ತದೆ, ಹತ್ತಾರಕ್ಕೂ ಒಂದೇ ಟ್ಯೂಬ್ ಇಲ್ಲ.

ನಾನು ಪಶುವೈದ್ಯೆ ಅಲ್ಲ, ಡಿ. ಫಾರ್ಮಾ ಓದಿದವಳು. ಮನೆಯಲ್ಲಿ ಎರಡು ನಾಯಿ ಇವೆ. ಕಾಳ ನಾಟಿ, ತೋಟ ಕಾಯುವವನು. ಅವನಿಗೆ ಉಣುಗಿನ ಕಾಟ. ಚಿನ್ನಿ ಲ್ಯಾಬ್ರಡಾರ್, ಅವಳಿಗೆ ಅಲರ್ಜಿ. ಮನೆಯಲ್ಲೇ ಏನೇನು ಮಾಡಬಹುದು, ಎಲ್ಲಿ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಬೇಕು ಎಂದು ಇವರಿಬ್ಬರಿಂದ ಮತ್ತು ಕೌಂಟರಿನ ಆಚೆ ನಿಂತವರಿಂದ ಕಲಿತದ್ದನ್ನು ಬರೆಯುತ್ತಿದ್ದೇನೆ.

ಜಾಗ ನೋಡಿದರೆ ಅರ್ಧ ಗೊತ್ತಾಗುತ್ತದೆ

ಬಾಲದ ಬುಡ, ಸೊಂಟದ ಮೇಲೆ, ತೊಡೆಯ ಹಿಂದೆ ಹಲ್ಲಿನಿಂದ ಕಚ್ಚಿಕೊಳ್ಳುತ್ತಿದ್ದರೆ ಮೊದಲ ಅನುಮಾನ ಚಿಗಟದ ಮೇಲೆ. ಕಿವಿಯ ಅಂಚು, ಮೊಣಕೈ, ಹೊಟ್ಟೆಯಲ್ಲಿ ಕೂದಲು ಉದುರಿ ಹೊಟ್ಟು ಕಟ್ಟಿದ್ದರೆ ಕಜ್ಜಿ ಹುಳು ಇರಬಹುದು. ಪಾದ ನೆಕ್ಕುವುದು, ಮುಖವನ್ನು ಸೋಫಾಕ್ಕೆ ಉಜ್ಜುವುದು, ಕಂಕುಳು ಕೆಂಪಾಗುವುದು, ಕಿವಿ ಪದೇ ಪದೇ ಸೋರುವುದು ಅಲರ್ಜಿಯ ಲಕ್ಷಣ. ಹೊಟ್ಟೆಯಡಿ ಕೂದಲಿಲ್ಲದ ಜಾಗ ಮಾತ್ರ ಕೆಂಪಾಗಿದ್ದರೆ ನೆಲ ಒರೆಸುವ ಫಿನೈಲ್ ಬಾಟಲಿ ನೋಡಿ. ನಾಯಿ ಮಲಗುವುದು ಅದೇ ನೆಲದ ಮೇಲೆ ಅಲ್ವಾ? ಕೆಲವು ದಿನ ಬರೀ ನೀರಲ್ಲಿ ಒರೆಸಿ, ಕಡಿಮೆಯಾದರೆ ಉತ್ತರ ಸಿಕ್ಕಿತು.

ಹಿಂಭಾಗವನ್ನು ನೆಲಕ್ಕೆ ಒತ್ತಿ ಎಳೆದುಕೊಂಡು ಹೋಗುತ್ತಿದ್ದರೆ ಅದು ಬಹುಪಾಲು ಚರ್ಮದ ಸಮಸ್ಯೆಯೇ ಅಲ್ಲ. ಗುದದ ಪಕ್ಕದ ಗ್ರಂಥಿ ತುಂಬಿರುತ್ತದೆ, ಇಲ್ಲವೇ ಜಂತು ಇರುತ್ತದೆ.

ಇದು ಪಕ್ಕಾ ಲೆಕ್ಕವೇನಲ್ಲ. ಒಂದೇ ನಾಯಿಗೆ ಎರಡು ಮೂರು ಕಾರಣ ಸೇರಿಕೊಂಡಿರುವುದೂ ಉಂಟು. ಅಲರ್ಜಿ ಇರುವ ನಾಯಿಗೆ ನಾಲ್ಕು ಚಿಗಟ ಹತ್ತಿದರೆ ಕೇಳುವುದೇ ಬೇಡ. ಇನ್ನೊಂದು ಮಾತು, ನೆಕ್ಕುವುದೂ ತುರಿಕೆಯೇ. "ನಮ್ಮದು ಕೆರ್ಕೊಳ್ಳಲ್ಲ, ಕಾಲು ನೆಕ್ಕುತ್ತೆ ಅಷ್ಟೇ" ಎನ್ನುವವರು ಬಿಳಿ ನಾಯಿಯ ಪಾದ ನೋಡಿ. ಎಂಜಲಿನಿಂದ ಕೂದಲು ಕಂದು ಬಣ್ಣಕ್ಕೆ ತಿರುಗಿದ್ದರೆ ಬಹಳ ದಿನದಿಂದ ನೆಕ್ಕುತ್ತಿದೆ ಎಂದರ್ಥ.

ಚಿಗಟ: ಬಿಳಿ ಕಾಗದದ ಪರೀಕ್ಷೆ

"ನಮ್ಮ ನಾಯಿಗೆ ಚಿಗಟ ಇಲ್ಲ, ನಾನು ನೋಡಿದೀನಿ" ಎಂದರೆ ನಾನು ನಂಬುವುದಿಲ್ಲ. ಚಿಗಟ ಕಣ್ಣಿಗೆ ಬೀಳುವ ಮೊದಲೇ ಹಾರಿ ಕೂದಲೊಳಗೆ ನುಸುಳಿರುತ್ತದೆ. ಹುಡುಕಬೇಕಾದ್ದು ಅದರ ಹಿಕ್ಕೆಯನ್ನು.

ಹೇನಿನ ಬಾಚಣಿಗೆ ತಗೊಳ್ಳಿ. ನಾಯಿಯ ಕೆಳಗೆ ಒದ್ದೆ ಮಾಡಿದ ಬಿಳಿ ಕಾಗದ ಅಥವಾ ಟಿಶ್ಯೂ ಹಾಸಿ. ಬಾಲದ ಬುಡದಲ್ಲಿ ಕೂದಲಿನ ವಿರುದ್ಧ ದಿಕ್ಕಿಗೆ ಬಾಚಿ. ಕಪ್ಪು ಪುಡಿ ಉದುರುತ್ತದೆ. ಒಂದು ನಿಮಿಷ ಬಿಡಿ. ಮಣ್ಣಾದರೆ ಮಣ್ಣಿನ ಬಣ್ಣದಲ್ಲೇ ಇರುತ್ತದೆ. ಚಿಗಟದ ಹಿಕ್ಕೆಯಾದರೆ ಪ್ರತಿ ಚುಕ್ಕೆಯ ಸುತ್ತ ಕೆಂಪು ಕಂದು ಬಣ್ಣ ಹರಡುತ್ತದೆ. ಅದು ನಿಮ್ಮ ನಾಯಿಯದೇ ರಕ್ತ, ಚಿಗಟ ಕುಡಿದು ಹಾಕಿದ್ದು. ಒಮ್ಮೆ ಇದನ್ನು ನೋಡಿದವರು ಮತ್ತೆ ವಾದಕ್ಕೆ ಬಂದಿಲ್ಲ.

ಇನ್ನು ಮುಖ್ಯ ವಿಷಯ. ನಾಯಿಯ ಮೈಮೇಲೆ ಕಾಣುವ ದೊಡ್ಡ ಚಿಗಟಗಳು ಒಟ್ಟು ಲೆಕ್ಕದಲ್ಲಿ ಶೇ. 5ರಷ್ಟು ಮಾತ್ರ. ಮಿಕ್ಕಿದ್ದು ಮೊಟ್ಟೆ, ಮರಿಹುಳು, ಗೂಡಿನ ರೂಪದಲ್ಲಿ ಮನೆಯಲ್ಲೇ ಇರುತ್ತದೆ. ಒಂದು ಹೆಣ್ಣು ಚಿಗಟ ದಿನಕ್ಕೆ 40-50 ಮೊಟ್ಟೆ ಇಡಬಲ್ಲದು. ಮೊಟ್ಟೆ ಕೂದಲಿಗೆ ಅಂಟುವುದಿಲ್ಲ, ಉದುರಿ ಬೀಳುತ್ತದೆ. ಎಲ್ಲಿ? ನಾಯಿ ಮಲಗುವ ಗೋಣಿಚೀಲದಲ್ಲಿ, ಸೋಫಾ ಸಂದಿಯಲ್ಲಿ, ಜಗಲಿಯ ಮೂಲೆಯಲ್ಲಿ, ಕಟ್ಟಿಗೆ ಕೊಟ್ಟಿಗೆಯ ಧೂಳಲ್ಲಿ. ಗೂಡಿನೊಳಗಿರುವುದು ತಿಂಗಳುಗಟ್ಟಲೆ ಕಾಯುತ್ತದೆ. ಅದಕ್ಕೇ ಶಾಂಪೂ ಹಾಕಿ ಮೂರು ದಿನಕ್ಕೆ "ಔಷಧಿ ಸರಿ ಇಲ್ಲ" ಎನಿಸುವುದು. ಔಷಧಿ ಸರಿಯಾಗೇ ಇತ್ತು, ಗೋಣಿಚೀಲ ಅಲ್ಲೇ ಇತ್ತು.

ಹಾಸಿಗೆ ಬಟ್ಟೆಯನ್ನು ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆದು ಸುಡು ಬಿಸಿಲಿಗೆ ಹಾಕಿ. ಹಳೇ ಗೋಣಿಚೀಲವಾದರೆ ಸುಟ್ಟುಬಿಡಿ. ಮೂಲೆ, ಸಂದಿ ಗುಡಿಸಿ. ವ್ಯಾಕ್ಯೂಮ್ ಇದ್ದರೆ ಅದನ್ನೇ ಹಿಡಿಸಿ, ಒಳಗಿನ ಕಸವನ್ನು ಕೂಡಲೇ ಹೊರಗೆ ಹಾಕಿ. ಮನೆಯಲ್ಲಿ ಎಷ್ಟು ನಾಯಿ, ಬೆಕ್ಕು ಇವೆಯೋ ಅಷ್ಟಕ್ಕೂ ಒಟ್ಟಿಗೆ ಔಷಧಿ ಆಗಬೇಕು. ಮೂರು ತಿಂಗಳಾದರೂ ಬಿಡದೆ ಮಾಡಬೇಕು. ಬೆಕ್ಕಿಗೆ ಮಾತ್ರ ನಾಯಿಯ ಔಷಧಿ ಹಾಕಲೇಬೇಡಿ. ನಾಯಿಗೆ ಹಾಕುವ ಕೆಲವು ಹನಿ ಔಷಧಿಯಲ್ಲಿ ಪರ್ಮೆತ್ರಿನ್ ಇರುತ್ತದೆ. ಅದು ಬೆಕ್ಕಿಗೆ ವಿಷ.

ಕತ್ತಿಗೆ ಹಾಕುವ ಹನಿ ಔಷಧಿ ತಂದಿದ್ದರೆ ಅದಕ್ಕೆ ಎರಡು ದಿನ ಮೊದಲು, ಎರಡು ದಿನ ನಂತರ ಸ್ನಾನ ಬೇಡ. ಚರ್ಮದ ಎಣ್ಣೆಯಲ್ಲಿ ಬೆರೆತು ಹರಡಬೇಕಾದ ಔಷಧಿ ಅದು. ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ತಿನ್ನಿಸುವ ಮಾತ್ರೆಗಳೂ ಬಂದಿವೆ. ನನ್ನ ಮಟ್ಟಿಗೆ ಮಲೆನಾಡಿನ ನಾಯಿಗೆ ಅವೇ ಅನುಕೂಲ, ಮಳೆಗೆ ತೊಳೆದು ಹೋಗುವುದಿಲ್ಲ. ಬೆಲೆ ಜಾಸ್ತಿ. ಮೂರ್ಛೆ ಬರುವ ನಾಯಿಯಾದರೆ ಡಾಕ್ಟರಿಗೆ ಅದನ್ನು ಹೇಳದೆ ಕೊಡಬೇಡಿ.

ಉಣುಗು

ತೋಟ, ಬ್ಯಾಣ (ಹುಲ್ಲುಗಾವಲು) ಸುತ್ತುವ ನಾಯಿಗೆ ಇದು ತಪ್ಪಿದ್ದಲ್ಲ. ಕಾಳ ಮನೆಗೆ ಬಂದ ಕೂಡಲೇ ನಾನು ನೋಡುವುದು ಕಿವಿಯ ಒಳಮಡಿಕೆ, ಬೆರಳ ಸಂದಿ, ಕುತ್ತಿಗೆ ಪಟ್ಟಿಯ ಅಡಿ, ಬಾಲದ ಕೆಳಗೆ. ಚಿಮಟ ತಗೊಂಡು ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು ನಿಧಾನಕ್ಕೆ ನೇರವಾಗಿ ಎಳೆಯಿರಿ. ಹೊಟ್ಟೆ ಹಿಡಿದು ಹಿಂಡಬೇಡಿ. ಬೆಂಕಿಕಡ್ಡಿ ತಾಗಿಸುವುದು, ಸೀಮೆಎಣ್ಣೆ ಹಚ್ಚುವುದು ಬೇಡ. ಕೈಯಲ್ಲಿ ಹಿಸುಕಿ ಸಾಯಿಸುವುದಂತೂ ಬೇಡವೇ ಬೇಡ, ಅದರ ರಕ್ತದಲ್ಲಿ ರೋಗಾಣು ಇರಬಹುದು. ಸ್ಪಿರಿಟ್ ಹಾಕಿದ ಡಬ್ಬಿಗೆ ಹಾಕಿ ಮುಚ್ಚಳ ಹಾಕಿ.

ನಾಯಿಯ ಕಂದು ಉಣುಗು ಗೋಡೆ ಹತ್ತುತ್ತದೆ. ರಕ್ತ ಕುಡಿದು ಉಬ್ಬಿದ ಹೆಣ್ಣು ಗೋಡೆಯ ಬಿರುಕಲ್ಲಿ, ಬಾಗಿಲ ಚೌಕಟ್ಟಿನ ಸಂದಿಯಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಬಿರುಕಿಗೆ ಸಿಮೆಂಟ್ ಮೆತ್ತಿದರೆ ಅರ್ಧ ಕೆಲಸ ಆದಂತೆ.

ನಮ್ಮ ಕಡೆ ಉಣುಗು ಎಂದ ಕೂಡಲೇ ಮಂಗನ ಕಾಯಿಲೆ ನೆನಪಾಗುತ್ತದೆ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಕಾಯಿಲೆ ಅದು. ಅದನ್ನು ಮುಖ್ಯವಾಗಿ ಹರಡುವುದು ಕಾಡಿನ ಉಣುಗು, ಮನೆ ಗೋಡೆ ಹತ್ತುವ ಈ ಕಂದು ಉಣುಗು ಬೇರೆ ಜಾತಿ. ಆದರೆ ಕಾಡಿಗೆ ಹೋಗಿ ಬಂದ ನಾಯಿ ಮೈಮೇಲೆ ಕಾಡಿನ ಉಣುಗನ್ನೂ ಹೊತ್ತು ತರಬಹುದು. ಆದ್ದರಿಂದ ಬೇಸಿಗೆಯಲ್ಲಿ ನಾಯಿಯನ್ನು ಒಳಗೆ ಬಿಡುವ ಮೊದಲು ಮೈ ನೋಡಿ. ಉಣುಗು ಹತ್ತದ ಹಾಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಮನುಷ್ಯರಿಗೆ. ನಾಯಿಗೆ ಹಚ್ಚಿದರೆ ನೆಕ್ಕಿ ಹೊಟ್ಟೆಗೆ ಇಳಿಸುತ್ತದೆ.

ಉಣುಗು ಹತ್ತಿದ ನಾಯಿ ಊಟ ಬಿಟ್ಟರೆ, ಜ್ವರ ಬಂದರೆ, ವಸಡು ಬಿಳಿಚಿಕೊಂಡರೆ, ಮೂಗಲ್ಲಿ ರಕ್ತ ಬಂದರೆ ಅವತ್ತೇ ಡಾಕ್ಟರ ಹತ್ತಿರ ಹೋಗಬೇಕು. ಉಣುಗು ಜ್ವರ ಕಾಯುವುದಿಲ್ಲ.

ಕಜ್ಜಿ

ಇದರಲ್ಲಿ ಎರಡು ಬಗೆ. ಸಾರ್ಕೋಪ್ಟಿಸ್ ಎಂಬ ಹುಳು ಚರ್ಮದೊಳಗೆ ಕೊರೆಯುತ್ತದೆ. ವಿಪರೀತ ತುರಿಕೆ, ರಾತ್ರಿ ನಿದ್ದೆಯೇ ಇಲ್ಲ. ಕಿವಿಯ ಅಂಚನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಮೆಲ್ಲಗೆ ಉಜ್ಜಿ ನೋಡಿ. ಹಿಂಗಾಲು ತಾನಾಗಿ ಕೆರೆಯಲು ಎದ್ದರೆ ಈ ಹುಳುವಿನ ಅನುಮಾನ ಬಲವಾಗುತ್ತದೆ. ನಾಯಿಯನ್ನು ಎತ್ತಿ ಆಡಿಸುವ ಮಕ್ಕಳ ಕೈ, ಹೊಟ್ಟೆಯ ಮೇಲೆ ಕೆಂಪು ಗುಳ್ಳೆ ಎದ್ದಿದ್ದರೆ ಇನ್ನೂ ಬಲ. ನಾಯಿಗೆ ವಾಸಿಯಾದರೆ ಮನುಷ್ಯರದ್ದು ಸಾಮಾನ್ಯವಾಗಿ ತಾನೇ ಹೋಗುತ್ತದೆ. ಇನ್ನೊಂದು ಡೆಮೋಡೆಕ್ಸ್. ಮರಿಗಳಿಗೆ ಜಾಸ್ತಿ, ಕಣ್ಣಿನ ಸುತ್ತ, ಮುಂಗಾಲಲ್ಲಿ ಕೂದಲು ಹೋಗುತ್ತದೆ. ಮೊದಮೊದಲು ತುರಿಕೆ ಇರುವುದಿಲ್ಲ, ಅಂಟುವುದೂ ಇಲ್ಲ.

ಎರಡಕ್ಕೂ ಚರ್ಮ ಕೆರೆದು ಮೈಕ್ರೋಸ್ಕೋಪಲ್ಲಿ ನೋಡಬೇಕು. ಮನೆಯಲ್ಲಿ ಆಗುವ ಕೆಲಸ ಅಲ್ಲ. ದನಕ್ಕೆ ತಂದ ಐವರ್ಮೆಕ್ಟಿನ್ ಇಂಜೆಕ್ಷನ್ ಉಳಿದಿದೆ ಎಂದು ಅಂದಾಜಿಗೆ ಚುಚ್ಚಬೇಡಿ. ದನದ ಅಳತೆ ಬೇರೆ, ನಾಯಿಯ ಅಳತೆ ಬೇರೆ. ಕೋಲಿ ಜಾತಿಯ ನಾಯಿಗಳಿಗಂತೂ ಅದು ಮಿದುಳಿಗೇ ಹೋಗಿ ಕೂರುತ್ತದೆ. ಮೈಗೆ ಹಾಕುವ ಅಮಿಟ್ರಾಜ್ ದ್ರಾವಣವನ್ನೂ ಡಾಕ್ಟರು ಹೇಳಿದ ಅಳತೆಗೇ ಬೆರೆಸಿ, ಕೈಗವಸು ಹಾಕಿಕೊಂಡು ಗಾಳಿ ಆಡುವ ಕಡೆ ಹಾಕಿ. ಒಣಗುವವರೆಗೆ ನಾಯಿ ನೆಕ್ಕದ ಹಾಗೆ ಕಾಯಿರಿ.

ಗುಂಡಗೆ ಕೂದಲು ಉದುರಿ ಅಂಚಿನಲ್ಲಿ ಹೊಟ್ಟು ಇದ್ದರೆ ಗಜಕರ್ಣ ಇರಬಹುದು. ತುರಿಕೆ ಕಡಿಮೆ, ಆದರೆ ಮನೆಯವರಿಗೂ ಅಂಟುತ್ತದೆ.

ಮಳೆಗಾಲದ ವಾಸನೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಬಟ್ಟೆಯೇ ಒಣಗುವುದಿಲ್ಲ, ನಾಯಿ ಹೇಗೆ ಒಣಗಬೇಕು? ನಾಯಿಯ ಚರ್ಮದ ಮೇಲೆ ಯಾವಾಗಲೂ ಸ್ವಲ್ಪ ಇರುವ ಮಲಸೀಜಿಯಾ ಎಂಬ ಬೂಸ್ಟಿಗೆ ಈ ಒದ್ದೆ ಹಬ್ಬದೂಟ. ಮೈ ಜಿಡ್ಡು ಜಿಡ್ಡು, ಹಳಸಿದ ವಾಸನೆ, ಬೆರಳ ಸಂದಿ ಕೆಂಪು, ಕಿವಿಯಲ್ಲಿ ಕಂದು ಕೊಳೆ. ಹಾಗೇ ಬಿಟ್ಟರೆ ಕಂಕುಳು, ಕುತ್ತಿಗೆಯ ಚರ್ಮ ಕಪ್ಪಾಗಿ ದಪ್ಪವಾಗುತ್ತದೆ.

ಇಲ್ಲಿ ಎಲ್ಲರೂ ಹಚ್ಚುವುದು ಕೊಬ್ಬರಿ ಎಣ್ಣೆ. ಈ ಬೂಸ್ಟಿನ ಊಟವೇ ಎಣ್ಣೆ, ಜಿಡ್ಡು. ಒಣಗಿ ಬಿರಿದ ಮೊಣಕೈಗೆ ಚೂರು ಸವರಿದರೆ ತೊಂದರೆ ಇಲ್ಲ. ವಾಸನೆ ಬರುವ ಜಿಡ್ಡು ಚರ್ಮಕ್ಕೆ ಹಚ್ಚಬೇಡಿ.

ಬೇಕಾದ್ದು ಕ್ಲೋರ್ಹೆಕ್ಸಿಡಿನ್, ಮೈಕೊನಜೋಲ್ ಎರಡೂ ಇರುವ ನಾಯಿ ಶಾಂಪೂ. ಲೇಬಲ್ಲಲ್ಲಿ ಎರಡರ ಮುಂದೆಯೂ 2% ಎಂದಿದೆಯಾ ನೋಡಿ. ವಾರಕ್ಕೆ ಎರಡು ಸಲ, ಎರಡು ಮೂರು ವಾರ. ದಿನಾ ಸಂಜೆ ಹೊರಗಿಂದ ಬಂದ ಮೇಲೆ ನಾಲ್ಕೂ ಪಾದ ನೀರಲ್ಲಿ ತೊಳೆದು, ಒಂದೊಂದು ಬೆರಳ ಸಂದಿಗೂ ಬಟ್ಟೆ ತೂರಿಸಿ ಒರೆಸಿ. ಬೇಸರದ ಕೆಲಸ, ಒಪ್ಪುತ್ತೇನೆ. ಆದರೆ ಚಿನ್ನಿಗೆ ನಾನು ಮಾಡುವ ಕೆಲಸಗಳಲ್ಲಿ ಜಾಸ್ತಿ ಫಲ ಕೊಟ್ಟದ್ದು ಇದೇ. ಅಡಿಕೆ ಒಣಗಿಸುವ ಡ್ರೈಯರ್ ಹತ್ತಿರ ಮಲಗಲು ಬಿಟ್ಟರೆ ಇನ್ನೂ ಒಳ್ಳೆಯದು, ಅವಳಂತೂ ತಾನೇ ಹೋಗಿ ಮಲಗುತ್ತಾಳೆ.

ಸ್ನಾನ ಮಾಡಿಸುವ ಕ್ರಮ

ಹತ್ತರಲ್ಲಿ ಎಂಟು ಜನ ಶಾಂಪೂ ಹಾಕಿ ಆ ಕ್ಷಣಕ್ಕೇ ನೀರು ಸುರಿಯುತ್ತಾರೆ. ಔಷಧಿ ಶಾಂಪೂ ಹತ್ತು ನಿಮಿಷ ಮೈಮೇಲೆ ಇರಬೇಕು, ಗಡಿಯಾರ ನೋಡಿ ಹತ್ತು. ಇಲ್ಲದಿದ್ದರೆ ಮುನ್ನೂರು ನಾನೂರು ರೂಪಾಯಿಯ ಬಾಟಲಿ ಸೀದಾ ಚರಂಡಿಗೆ.

ನೀರು ಬಿಸಿ ಇರಬಾರದು. ಬಚ್ಚಲ ಒಲೆಯ ಹಂಡೆಯಿಂದ ತೋಡಿ ಹಾಗೇ ಹೊಯ್ಯಬೇಡಿ, ಬಿಸಿನೀರು ತುರಿಕೆಯನ್ನು ಏರಿಸುತ್ತದೆ. ಉಗುರು ಬೆಚ್ಚಗೂ ಸ್ವಲ್ಪ ಕಡಿಮೆ ಸಾಕು. ಮೊದಲು ಚರ್ಮದವರೆಗೂ ನೆನೆಸಿ. ಉದ್ದ ಕೂದಲಿನ ನಾಯಿಯಾದರೆ ಇದಕ್ಕೇ ಐದು ನಿಮಿಷ ಬೇಕು. ಶಾಂಪೂವನ್ನು ಮಗ್ಗಿನಲ್ಲಿ ನೀರಿಗೆ ಬೆರೆಸಿ, ಜಾಸ್ತಿ ತುರಿಕೆ ಇರುವ ಜಾಗದಿಂದ ಶುರು ಮಾಡಿ. ಉಗುರು ತಾಗಿಸಬೇಡಿ, ಬ್ರಷ್ ಬೇಡ. ಹತ್ತು ನಿಮಿಷ ಕೈಯಲ್ಲೇ ತಟ್ಟುತ್ತಾ ಮಾತಾಡಿಸುತ್ತಾ ಇರಿ, ಬಿಟ್ಟರೆ ಅಂಗಳಕ್ಕೆ ಓಡಿ ಮಣ್ಣಲ್ಲಿ ಹೊರಳುತ್ತದೆ. ಆಮೇಲೆ ನೊರೆ ಪೂರ್ತಿ ಹೋಗುವವರೆಗೆ ತೊಳೆಯಿರಿ. ಉಳಿದ ಶಾಂಪೂ ಕೂಡ ತುರಿಕೆಯೇ.

ಚರ್ಮ ಬರೀ ಒಣಗಿ ಹೊಟ್ಟು ಏಳುತ್ತಿದ್ದರೆ ಔಷಧಿ ಶಾಂಪೂ ಬೇಡ. ಏನೂ ಸೇರಿಸದ ಓಟ್ಸನ್ನು ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ ನೀರಿಗೆ ಬೆರೆಸಿ, ಹತ್ತು ನಿಮಿಷ ಮೈಮೇಲೆ ಬಿಟ್ಟು ತೊಳೆಯಿರಿ. ಬೇವಿನೆಲೆ ಕುದಿಸಿ ಆರಿಸಿದ ನೀರನ್ನು ಕೊನೆಯಲ್ಲಿ ಹೊಯ್ದರೆ ನನ್ನ ತಕರಾರಿಲ್ಲ. ಅದರಿಂದ ಕಜ್ಜಿ ಹೋಗುತ್ತದೆ ಎಂದು ಮಾತ್ರ ಕಾಯುತ್ತಾ ಕೂರಬೇಡಿ.

ನಾವು ಹಾಕಿಕೊಳ್ಳುವ ಸೋಪು, ಡೆಟಾಲ್, ಮಗುವಿನ ಶಾಂಪೂ ಯಾವುದೂ ನಾಯಿಗಲ್ಲ. ನಾಯಿಯ ಚರ್ಮ ನಮ್ಮದಕ್ಕಿಂತ ತೆಳು, ಅದರ ಹುಳಿ-ಕ್ಷಾರದ ಲೆಕ್ಕವೂ ಬೇರೆ.

ನನ್ನ ಕೌಂಟರಿನಲ್ಲಿ ಕೊಡದೇ ಇರುವ ವಸ್ತುಗಳು

ಕರ್ಪೂರ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ಎಂದು ಕರ್ಪೂರ ಕೇಳುತ್ತಾರೆ. ಕರ್ಪೂರ ನಾಯಿಗೆ ವಿಷ, ಚರ್ಮದಿಂದಲೂ ಒಳಗೆ ಹೋಗುತ್ತದೆ, ನೆಕ್ಕಿದರೆ ಮೂರ್ಛೆ ಬರಬಹುದು. ಟೀ ಟ್ರೀ ಎಣ್ಣೆಯೂ ಅಷ್ಟೇ. ಹೊಗೆಸೊಪ್ಪು ನೆನೆಸಿದ ನೀರು ಹಳಬರ ಮದ್ದು. ಅದರಲ್ಲಿರುವುದು ನಿಕೋಟಿನ್, ಉಣುಗಿನ ಜೊತೆ ನಾಯಿಯೂ ಹೋದೀತು. ಬೀದಿ ನಾಯಿಯ ಕಜ್ಜಿಗೆ ಗ್ಯಾರೇಜಿನ ಸುಟ್ಟ ಆಯಿಲ್ ಹಚ್ಚುವವರನ್ನು ಕಂಡರೆ ದಯವಿಟ್ಟು ತಡೆಯಿರಿ. ಚರ್ಮ ಸುಡುತ್ತದೆ, ನೆಕ್ಕಿದರೆ ಹೊಟ್ಟೆ, ಮೂತ್ರಪಿಂಡ ಹಾಳು.

ಮನುಷ್ಯರ ಟ್ಯೂಬುಗಳ ವಿಷಯ. ಫಂಗಸ್, ಬ್ಯಾಕ್ಟೀರಿಯಾ, ತುರಿಕೆ ಎಲ್ಲಕ್ಕೂ ಸೇರಿಸಿ ಮಾಡಿದ ಮುಲಾಮುಗಳಲ್ಲಿ ಜೋರಾದ ಸ್ಟಿರಾಯ್ಡ್ ಇರುತ್ತದೆ. ಎರಡು ದಿನ ಕೆಂಪು ಇಳಿದು ಅಡಿಯಲ್ಲಿ ಫಂಗಸ್ ಹರಡುತ್ತದೆ. ಜಿಂಕ್ ಆಕ್ಸೈಡ್ ಇರುವುದನ್ನು ನೆಕ್ಕಿದರೆ ಹೊಟ್ಟೆ ಕೆಟ್ಟು ರಕ್ತಹೀನತೆಯವರೆಗೂ ಹೋಗಬಹುದು. ಇನ್ನು ಹೋದ ವರ್ಷದ ಚೀಟಿ ತಂದು ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಮಾತ್ರೆ ಕೇಳುವುದು. ಕೊಟ್ಟರೆ ಬಹುಪಾಲು ತುರಿಕೆ ಇಳಿಯುತ್ತದೆ, ಅದೇ ಅದರ ಅಪಾಯ. ಡೆಮೋಡೆಕ್ಸ್ ಇದ್ದರೆ ಅಷ್ಟರಲ್ಲಿ ಮೈತುಂಬಾ ಹಬ್ಬಿರುತ್ತದೆ.

ಊಟದ ಅಲರ್ಜಿ

ಚಿಗಟ ಇಲ್ಲ, ಹುಳು ಇಲ್ಲ, ಫಂಗಸ್ ಇಲ್ಲ, ಆದರೂ ವರ್ಷವಿಡೀ ಕೆರೆತ ಎಂದರೆ ಊಟದ ಕಡೆ ನೋಡಬೇಕು. ಕೋಳಿ, ದನದ ಮಾಂಸ, ಹಾಲು, ಮೊಟ್ಟೆ, ಗೋಧಿ ಇವು ಸಾಮಾನ್ಯ ಆರೋಪಿಗಳು. ವಿಚಿತ್ರ ಎಂದರೆ ಅಲರ್ಜಿ ಆಗುವುದು ಹೊಸದಕ್ಕಲ್ಲ, ಬಹಳ ಕಾಲ ತಿಂದದ್ದಕ್ಕೇ. "ಹುಟ್ಟಿದಾಗಿನಿಂದ ಮೊಸರನ್ನವೇ ತಿನ್ನೋದು, ಅದು ಹೇಗೆ ಆಗುತ್ತೆ?" ಎಂದರೆ ಅದಕ್ಕೇ ಆಗಬಹುದು.

ಇದನ್ನು ಪತ್ತೆ ಮಾಡುವ ನಂಬಿಕೆಯ ದಾರಿ ರಕ್ತ ಪರೀಕ್ಷೆ ಅಲ್ಲ, ಪಥ್ಯ. ಎಂಟು ವಾರ, ನಾಯಿ ಹಿಂದೆಂದೂ ತಿನ್ನದ ಒಂದು ಮಾಂಸ ಅಥವಾ ಮೀನು, ಜೊತೆಗೆ ಒಂದೇ ಗೆಡ್ಡೆ, ಗೆಣಸೋ ಆಲೂಗಡ್ಡೆಯೋ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಏನೂ ಇಲ್ಲ. ಮರಿಯಾದರೆ, ಬಸುರಿಯಾದರೆ ಡಾಕ್ಟರನ್ನು ಕೇಳಿಯೇ ಶುರು ಮಾಡಿ. ಕಡಿಮೆಯಾದ ಮೇಲೆ ಹಳೇ ಊಟ ಮತ್ತೆ ಕೊಟ್ಟು ನೋಡಬೇಕು. ತುರಿಕೆ ವಾಪಸ್ ಬಂದರೆ ಸಾಬೀತು.

ಪಥ್ಯ ಕೆಡುವುದು ದೊಡ್ಡ ತಪ್ಪಿನಿಂದಲ್ಲ. ಅಜ್ಜಿ ಚಹಾದ ಜೊತೆ ಹಾಕುವ ಅರ್ಧ ಬಿಸ್ಕತ್ತಿನಿಂದ. ಅದರಲ್ಲಿ ಗೋಧಿಯೂ ಇದೆ, ಹಾಲೂ ಇದೆ. ರುಚಿ ಬರಲೆಂದು ಮಾಂಸದ ಸ್ವಾದ ಸೇರಿಸಿದ ಜಂತಿನ ಮಾತ್ರೆ, ಚಿಗಟದ ಮಾತ್ರೆಯೂ ಪಥ್ಯ ಕೆಡಿಸಬಹುದು. ಆ ಎಂಟು ವಾರಕ್ಕೆ ಬೇರೆ ಬಗೆಯದ್ದು ಕೇಳಿ ತಗೊಳ್ಳಿ.

ಪಥ್ಯಕ್ಕೂ ಬಗ್ಗದಿದ್ದರೆ ಧೂಳು, ಪರಾಗದ ಅಲರ್ಜಿ. ಸಾಮಾನ್ಯವಾಗಿ ಆರು ತಿಂಗಳಿಂದ ಮೂರು ವರ್ಷದೊಳಗೆ ಶುರುವಾಗುತ್ತದೆ. ಲ್ಯಾಬ್ರಡಾರ್, ಪಗ್, ಶಿಟ್ಜು, ಜರ್ಮನ್ ಶೆಫರ್ಡ್‌ಗಳಲ್ಲಿ ಜಾಸ್ತಿ. ಇದು ವಾಸಿಯಾಗುವುದಿಲ್ಲ, ಹಿಡಿತದಲ್ಲಿ ಇಟ್ಟುಕೊಳ್ಳಬಹುದು. ಒಮೆಗಾ-3 ಇರುವ ಮೀನಿನ ಎಣ್ಣೆ ಸ್ವಲ್ಪ ಸಹಾಯ ಮಾಡುತ್ತದೆ, ಫಲ ಕಾಣಲು ಒಂದೂವರೆ ಎರಡು ತಿಂಗಳು ಬೇಕು. ನಾವು ಮಕ್ಕಳಿಗೆ ಕೊಡುತ್ತಿದ್ದ ಹಳದಿ ಕಾಡ್ ಲಿವರ್ ಗುಳಿಗೆ ಇದಲ್ಲ. ಅದರಲ್ಲಿ ಎ ಮತ್ತು ಡಿ ವಿಟಮಿನ್ ಇರುತ್ತದೆ, ಜಾಸ್ತಿಯಾದರೆ ಕೆಟ್ಟದ್ದು.

ರಾತ್ರೋರಾತ್ರಿ ಆಗುವ ಹುಣ್ಣು

ಸಂಜೆ ಏನೂ ಇರಲಿಲ್ಲ, ಬೆಳಿಗ್ಗೆ ಕೆನ್ನೆಯಲ್ಲೋ ತೊಡೆಯಲ್ಲೋ ಅಂಗೈ ಅಗಲದ ಒದ್ದೆ ಗಾಯ. ಉದ್ದ ಕೂದಲಿನ ನಾಯಿಗೆ ಮಳೆಗಾಲದಲ್ಲಿ ಜಾಸ್ತಿ. ಸುತ್ತಲಿನ ಕೂದಲು ಕತ್ತರಿಸಿ ಗಾಳಿ ಆಡಲು ಬಿಡಿ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದೂವರೆ ಟೀ ಚಮಚ ಉಪ್ಪು ಹಾಕಿ ತೊಳೆಯಿರಿ. ಪೊವಿಡೋನ್ ಅಯೋಡಿನ್ ಹಾಕುವುದಾದರೆ ತಿಳಿ ಚಹಾದ ಬಣ್ಣ ಬರುವಷ್ಟು ನೀರು ಬೆರೆಸಿ. ಪುಡಿ, ಎಣ್ಣೆ, ಅರಿಶಿನ ಮೆತ್ತಿ ಮುಚ್ಚಬೇಡಿ. ಗಾಯ ನೆಕ್ಕದ ಹಾಗೆ ಕುತ್ತಿಗೆಗೆ ಕೋನ್ (ಲಾಳಿಕೆಯಂಥ ಪಟ್ಟಿ) ಹಾಕಿ. ಮರುದಿನಕ್ಕೆ ಒಣಗದಿದ್ದರೆ, ಹರಡಿದರೆ, ಮುಟ್ಟಲು ಬಿಡದಿದ್ದರೆ ಡಾಕ್ಟರು.

ಡಾಕ್ಟರ ಹತ್ತಿರ ಹೋಗುವಾಗ

ಕೀವು, ರಕ್ತ, ಕಿವಿಯ ವಾಸನೆ, ತಲೆ ಒಂದು ಕಡೆ ವಾಲಿಸುವುದು, ಊಟ ಬಿಡುವುದು ಇದ್ದರೆ ಮನೆಮದ್ದು ಅಲ್ಲಿಗೆ ನಿಲ್ಲಿಸಿ. ಚಿಗಟದ ಔಷಧಿ, ಸ್ನಾನ ಎಲ್ಲ ಸರಿಯಾಗಿ ಮಾಡಿಯೂ ಎರಡು ವಾರದಲ್ಲಿ ಇಳಿಯದಿದ್ದರೂ ಅಷ್ಟೇ. ಊರಿನ ಪಶು ಆಸ್ಪತ್ರೆಯಲ್ಲಿ ಮೈಕ್ರೋಸ್ಕೋಪ್ ಸಿಗದಿದ್ದರೆ ನಮ್ಮ ಕಡೆಯವರಿಗೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ಇದೆ.

ಹಿಂದಿನ ದಿನ ಸ್ನಾನ ಮಾಡಿಸಬೇಡಿ, ಮುಲಾಮು ಹಚ್ಚಬೇಡಿ. ನಾಯಿ ಚೆಂದ ಕಾಣಲಿ ಎಂದು ತೊಳೆದರೆ ಡಾಕ್ಟರಿಗೆ ನೋಡಲು ಏನೂ ಉಳಿಯುವುದಿಲ್ಲ. ಆಸ್ಪತ್ರೆಯಲ್ಲಿ ಹೆದರಿ ಕೆರೆದುಕೊಳ್ಳುವುದನ್ನೇ ಮರೆಯುತ್ತದೆ, ಆದ್ದರಿಂದ ಮನೆಯಲ್ಲೇ ಮೊಬೈಲಲ್ಲಿ ಅರ್ಧ ನಿಮಿಷ ವಿಡಿಯೋ ಮಾಡಿಟ್ಟುಕೊಳ್ಳಿ. ಏನು ತಿನ್ನುತ್ತದೆ, ಯಾವ ತಿಂಗಳಲ್ಲಿ ಜಾಸ್ತಿ, ಮನೆಯಲ್ಲಿ ಬೇರೆ ಯಾರಿಗೆ ತುರಿಕೆ ಇದೆ ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಇಲ್ಲಿಯವರೆಗೆ ಹಾಕಿದ ಟ್ಯೂಬ್, ಮಾತ್ರೆಯ ಖಾಲಿ ಹಾಳೆ, ಶಾಂಪೂ ಬಾಟಲಿ ಎಲ್ಲ ಚೀಲಕ್ಕೆ ಹಾಕಿಕೊಳ್ಳಿ. "ಬಿಳಿ ಮಾತ್ರೆ, ಸಣ್ಣದು, ಮಧ್ಯೆ ಗೆರೆ ಇತ್ತು" ಎಂದರೆ ಡಾಕ್ಟರಿಗೂ ಗೊತ್ತಾಗುವುದಿಲ್ಲ, ನನಗೂ ಗೊತ್ತಾಗುವುದಿಲ್ಲ. ನನ್ನ ಅಂಗಡಿಯಲ್ಲಿ ಅಂಥದ್ದು ಒಂದು ಕಪಾಟು ತುಂಬ ಇದೆ.